ಮಗಳಿಗೆ ಬುದ್ಧಿ ಹೇಳಲು ಹೋದವಳು

ಡಂಡೀ ಊರಿನ ಸೆಣಬಿನ ಗಿರಣಿಯಲ್ಲಿ ಎಫಿ ರ‍್ಯಾಟ್ರೆಯ ಮಗ್ಗವೂ ನನ್ನ ಮಗ್ಗವೂ ಅಕ್ಕಪಕ್ಕದಲ್ಲಿದ್ದವು. ಆಗ ನಮ್ಮಿಬ್ಬರಿಗೂ ಹತ್ತೊಂಬತ್ತು. ಹೆಂಗಸರಿಂದ ತೆರಿಗೆ ಬೇಕು, ಅವರಿಗೆ ಮತ ಮಾತ್ರ ಇಲ್ಲ ಎನ್ನುವ ಸರ್ಕಾರದ ಮೇಲೆ ಸಿಟ್ಟಾಗಿ, ಒಂದು ಶನಿವಾರ ತೆರಿಗೆ ಕಚೇರಿಯ ಕಿಟಕಿಗಳಿಗೆ ಕಲ್ಲು ಬೀಸಿದೆವು. ಇಬ್ಬರಿಗೂ ಜೈಲಾಯಿತು.

ಒಳಗೆ ಹೋದವರೇ ಊಟ ಬಿಟ್ಟೆವು. ಕೆಲವು ದಿನ ಸುಮ್ಮನಿದ್ದ ಡಾಕ್ಟರು ಒಂದು ಬೆಳಿಗ್ಗೆ ಬಲವಂತವಾಗಿ ಹಾಲು ಕುಡಿಸಲು ರಬ್ಬರ್ ಕೊಳವೆ ಹಿಡಿದು ಬಂದ. ಕಾವಲುಗಾರ್ತಿಯರು ಎಫಿಯ ಕೈಕಾಲು ಅದುಮಿ ಹಿಡಿದದ್ದು, ಅವಳು ಹಾಲನ್ನೆಲ್ಲ ಕಾರಿಕೊಂಡದ್ದು ಗೋಡೆಯಾಚೆ ನನಗೆ ಕೇಳಿಸಿತು. ಮರುದಿನವೂ ಅದೇ.

ಅವಳು ಬಗ್ಗದಿದ್ದಾಗ ಜೈಲಿನ ಅಧಿಕಾರಿ ಅವಳ ತಾಯಿ ಗ್ರಿಜೆಲ್‌ಗೆ ಹೇಳಿಕಳಿಸಿ, ಎಫಿಯನ್ನೂ ತನ್ನ ಕೋಣೆಗೆ ಕರೆಸಿದ. ನಾನೂ ಆಗ ಅವನ ಕೋಣೆಯಲ್ಲಿ ನನ್ನ ವಿಚಾರಣೆಗೆ ಕಾದು ನಿಂತಿದ್ದೆ.

"ಇನ್ನು ಗಲಾಟೆ ಮಾಡಲ್ಲ ಅಂತ ಮಾತು ಕೊಡಲಿ, ಈಗಲೇ ಬಿಡ್ತೀವಿ," ಎಂದ ಅಧಿಕಾರಿ.

"ಕೊಟ್ಟು ಬಾರೇ, ಹುಚ್ಚುಮುಂಡೇದೇ," ಎಂದಳು ಗ್ರಿಜೆಲ್. "ವೋಟೇನು ಗಂಜಿಗೆ ಕಲಸ್ಕೊಂಡು ಕುಡಿಯೋಕಾಗುತ್ತಾ?"

"ಅದು ಸಿಗೋವರೆಗೂ ಗಂಜೀನೂ ಬೇಡಮ್ಮ." ಎಫಿಯ ದನಿ ಗಂಟಲಲ್ಲೇ ಹರಿದುಹೋಗುತ್ತಿತ್ತು.

ಗ್ರಿಜೆಲ್ ಹತ್ತಿರ ಹೋಗಿ ಮಗಳ ಮುಖ ಎತ್ತಿದಳು. "ತುಟಿಗೇನಾಯ್ತೇ?"

"ಕೊಳವೆ ತುರುಕಿದ್ರು."

ಗ್ರಿಜೆಲ್ ತಿರುಗಿದಳು. "ನನ್ನ ಮಗಳ ಬಾಯಿಗೆ ಕೈ ಹಾಕಿದೋನು ಯಾವನಯ್ಯ?"

"ನೋಡಮ್ಮ, ನೀನು ಮಗಳನ್ನ ಹದ್ದುಬಸ್ತಲ್ಲಿ ಬೆಳೆಸಿದ್ರೆ ನಮಗ್ಯಾಕೆ ಈ ಕೆಲಸ ಬರ್ತಿತ್ತು?"

ಗ್ರಿಜೆಲ್ ಬಗ್ಗಿದಳು. ಬೂಟಿನ ದಾರ ಕಟ್ಟಿಕೊಳ್ಳುತ್ತಾಳೆ ಅಂದುಕೊಂಡೆ. ಬೂಟು ಕಳಚಿ ಬೀಸಿದಳು. ಅಧಿಕಾರಿಯ ಬೆನ್ನಹಿಂದಿನ ಕಿಟಕಿಯ ಗಾಜು ಝಲ್ಲೆಂದು ಉದುರಿತು.

"ತಗೋ, ನನ್ನನ್ನೂ ಹದ್ದುಬಸ್ತಲ್ಲಿಡು!"

ಎಫಿ ನಕ್ಕಳು. ನಕ್ಕರೆ ಗಂಟಲು ನೋಯುತ್ತಿತ್ತು. ಕಣ್ಣಲ್ಲಿ ನೀರು ತುಂಬಿತು.

ಗ್ರಿಜೆಲ್ ಕೂಡ ಕೈದಿಯಾಗಿ ನಮ್ಮ ಸಾಲಿನಲ್ಲೇ ಒಂದು ಕೋಣೆಗೆ ಬಂದಳು. ಸಂಜೆ ಗಂಜಿ ಬಂದಾಗ ಆಕೆಯ ದನಿ ಮೊಳಗಿತು: "ಎಫೀ, ನೀನು ತಿಂದ್ಯೇನೇ?"

"ಇಲ್ಲಮ್ಮ!"

ತಟ್ಟೆ ಕಲ್ಲುಹಾಸಿನ ಮೇಲೆ ಬಿದ್ದ ಸದ್ದು ಕೇಳಿತು.

ಎಫಿ ತೀರಾ ಸೊರಗಿದಾಗ, ಸತ್ತರೆ ಅಪವಾದ ತಮ್ಮ ತಲೆಗೆ ಬರುತ್ತದೆಂದು ಹೆದರಿ ಮೂವರನ್ನೂ ಬಿಟ್ಟರು. ಯುದ್ಧ ಬಂತು, ಮುಗಿಯಿತು. ಆಮೇಲೆ ಮತವೂ ಬಂತು, ಆದರೆ ಮೂವತ್ತು ದಾಟಿದವರಿಗೆ ಮಾತ್ರ. ಬೇಡವೆಂದಿದ್ದ ಗ್ರಿಜೆಲ್‌ಗೆ ಸಿಕ್ಕಿತು, ನಮಗಿಲ್ಲ.

ಮತ ಹಾಕಿ ಹೊರಬಂದವಳಿಗೆ ಒಬ್ಬ ಮಹನೀಯ ಟೋಪಿ ಎತ್ತಿದ. "ಈಗ ಸಮಾಧಾನ ಆಯ್ತಲ್ಲ, ತಾಯಿ?"

"ಎಲ್ಲಿ ಸ್ವಾಮಿ? ಈ ಹುಡುಗೀರದ್ದು ಬಾಕಿ ಇದೆ," ಎಂದಳು ಗ್ರಿಜೆಲ್, ಜೊತೆಗಿದ್ದ ನಮ್ಮನ್ನು ತೋರಿಸಿ.

ಇಪ್ಪತ್ತೊಂದು ದಾಟಿದ ಹುಡುಗಿಯರಿಗೆಲ್ಲ ಮತ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೂ ಆಕೆ ಒಂದು ಸಭೆಯನ್ನೂ ತಪ್ಪಿಸಲಿಲ್ಲ.