ಕಟ್ಟೆಯ ಮಟ್ಟದ ಗಾಡಿ

ಎತ್ತರದ ಗಾಡಿ ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ತಲೆ ತಿನ್ನಬಾರದು. ಈಗಿನ ಪಿಕಪ್ ಗಾಡಿಗಳಿವೆಯಲ್ಲ, ಗೋಡೆಯಂಥ ಮೂತಿ, ಹಿಂದೆ ನನ್ನ ಎದೆಗಿಂತ ಮೇಲೆ ಹೋಗುವ ಹಲಗೆ, ಅವುಗಳಿಗೆ ಒಂದು ಚೀಲ ಉಳ್ಳಾಗಡ್ಡಿ ಏರಿಸಬೇಕೆಂದರೆ ಇಬ್ಬರು ಗಂಡಸರು ಬೇಕು. ಅದನ್ನು ಮಾಡಿದ ಪುಣ್ಯಾತ್ಮ ತನ್ನ ಹೆಂಡತಿಯ ಕೈಯಿಂದ ಒಂದು ಬುಟ್ಟಿಯನ್ನಾದರೂ ಏರಿಸಿ ನೋಡಿದ್ದನೋ ಇಲ್ಲವೋ, ಶಿವನೇ ಬಲ್ಲ.

ನಮ್ಮ ಮನೆ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿದೆ. ನಮ್ಮ ಮನೆಯವರ ಹೆಸರು ಶಂಭುಲಿಂಗ. ಹೆಸರು ಹೇಳಿದೆ, ಇರಲಿ, ಬಯ್ಯಲಿಕ್ಕೆ ಈಗ ಅತ್ತೆಯೂ ಇಲ್ಲ, ಅವರೂ ಇಲ್ಲ. ಮಗ ವಿಶಾಲ ಹುಟ್ಟಿದ ವರ್ಷ ಅವರು ತಂದ ಗಾಡಿ ತಗ್ಗಿನದು. ಹಿಂದಕ್ಕೆ ತಂದು ಹಿಂದಿನ ಬಾಗಿಲು ಇಳಿಸಿದರೆ ನಮ್ಮ ಮನೆಯ ಕಟ್ಟೆಗೂ ಗಾಡಿಯ ಹಲಗೆಗೂ ಒಂದೇ ಮಟ್ಟ. ಕಟ್ಟೆಯ ಮೇಲಿನ ಚೀಲವನ್ನು ಜಗ್ಗಿದರೆ ಸಾಕು, ಸರ್ರನೆ ಗಾಡಿಗೆ ಹೋಗುತ್ತಿತ್ತು. ಅಮರಗೋಳದ ಮಾರುಕಟ್ಟೆಯಿಂದ ಕಾಯಿಪಲ್ಲೆ ತರುವುದು, ಓಣಿ ಓಣಿ ತಿರುಗಿ ಮಾರುವುದು ನಮ್ಮ ಉದ್ಯೋಗ. ಅವರು ಗಾಡಿ ಹೊಡೆಯುತ್ತಿದ್ದರು, ನಾನು ಹಿಂದೆ ಹಲಗೆಯ ಮೇಲೆ ಕುಳಿತು ಮಾರುತ್ತಿದ್ದೆ. ಕುಳಿತರೆ ನನ್ನ ಕಾಲು ನೆಲ ಮುಟ್ಟುತ್ತಿತ್ತು. ದೇಶಪಾಂಡೆ ನಗರದ ಹೆಣ್ಣುಮಕ್ಕಳು ಬದನೆಕಾಯಿ ಆರಿಸುತ್ತಾ ನನ್ನ ಪಕ್ಕದಲ್ಲೇ ಕುಳಿತು ಸೊಸೆಯಂದಿರ ಸುದ್ದಿ ಹೇಳುತ್ತಿದ್ದರು.

ಆ ಗಾಡಿಗೆ ಇನ್ನೊಂದು ಕೆಲಸವೂ ಇತ್ತು. ನಮ್ಮ ಓಣಿಯಲ್ಲಿ ಯಾರು ತೀರಿಕೊಂಡರೂ ಅದೇ ಗಾಡಿ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕಾಲು ಮಡಚಿ ವಿಮಾನ ಎನ್ನುವ ಬಿದಿರಿನ ಮಂಟಪದಲ್ಲಿ ಕೂಡಿಸಿ, ಹೂವು ಕಟ್ಟಿ, ಹೂಳುವ ಕುಣಿಗೆ ಒಯ್ಯುತ್ತೇವೆ. ಮನೆಗಳು ಇಕ್ಕಟ್ಟು, ಒಳಗೆ ನಾಲ್ಕು ಮಂದಿ ನಿಂತರೆ ಉಸಿರಾಡಲು ಜಾಗವಿಲ್ಲ. ಅದಕ್ಕೆ ನಮ್ಮ ಓಣಿಯಲ್ಲಿ ಒಂದು ರೂಢಿ ಬಿದ್ದುಹೋಗಿತ್ತು. ಒಳಗೆ ಪೂಜೆಯಾದ ಕೂಡಲೇ ವಿಮಾನವನ್ನು ಕಟ್ಟೆಯಿಂದ ಗಾಡಿಗೆ ಸರಿಸುವುದು, ಹಿಂದಿನ ಬಾಗಿಲ ಕಡೆ ಮುಖ ಮಾಡಿ ಕೂಡಿಸುವುದು, ಆಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬೀದಿಯಲ್ಲೇ ನಿಂತು ಪಾದ ಮುಟ್ಟಿ, ವಿಭೂತಿ ಹಚ್ಚಿ, ಅಲ್ಲಿಂದಲೇ ಮನೆಗೆ ತಿರುಗುವುದು. ನಮ್ಮ ಮನೆತನದ ಹೆಂಗಸರು ಕುಣಿಯವರೆಗೆ ಹೋಗುವುದಿಲ್ಲ. ನಮಗೆ ಕಡೆಯ ಭೆಟ್ಟಿ ಎಂದರೆ ಆ ಗಾಡಿಯ ಹಿಂದಿನ ಹಲಗೆ.

ನಮ್ಮ ಮನೆಯವರು ಅದಕ್ಕೆ ಯಾರ ಹತ್ತಿರವೂ ಬಾಡಿಗೆ ತೆಗೆದುಕೊಳ್ಳಲಿಲ್ಲ. ಗಾಡಿ ತೊಳೆದು, ಹಲಗೆಯನ್ನು ಹಸಿ ಬಟ್ಟೆಯಿಂದ ಒರೆಸಿ, ತಾವು ಹೋಗಿ ಸ್ಟೇರಿಂಗ್ ಹಿಡಿದು ಸುಮ್ಮನೆ ಕುಳಿತುಬಿಡುತ್ತಿದ್ದರು.

ಇನ್ನು ಪಾದದ ವಿಷಯ. ದೀಪಾವಳಿ ಪಾಡ್ಯದ ದಿನ ಗಂಡನಿಗೆ ಆರತಿ ಮಾಡಿ ಪಾದ ಮುಟ್ಟುವುದು ನಮ್ಮ ಕಡೆ ಪದ್ಧತಿ. ನಾನು ಆರತಿ ಮಾಡುತ್ತಿದ್ದೆ, ಪಾದ ಮಾತ್ರ ಮುಟ್ಟುತ್ತಿರಲಿಲ್ಲ.

"ನೀವೂ ಚೀಲ ಹೊರತೀರಿ, ನಾನೂ ಹೊರತೇನಿ. ನಾ ಯಾಕ ಬಗ್ಗಲಿ?" ಎನ್ನುತ್ತಿದ್ದೆ.

ಅವರಿಗೆ ಸಿಟ್ಟು ಬಂದರೆ ಕೇಳಿ. ನಗುತ್ತಿದ್ದರು. "ಬಗ್ಗಬ್ಯಾಡ ಬಿಡು ಮುರಿಗೆವ್ವಾ. ಕಡೀಕ ಒಂದ್ಸಲ ಮುಟ್ಟೇ ಮುಟ್ಟತೀ, ಎಲ್ಲಿ ಹೋಗ್ತಿ? ತಗ್ಗಿನ ಗಾಡಿ ಐತಿ. ಅವತ್ತ ಬಗ್ಗೂದೂ ಬ್ಯಾಡ ನಿನಗ."

"ಮೊದಲ ನಾ ಹೋಗ್ತೇನಿ. ನೀವ ಮುಟ್ಟ್ರಿ ನನ್ನ ಪಾದ."

"ಹೂಂ, ಮುಟ್ಟತೇನಿ. ನಂದೇನ ಗಂಟ ಹೋಗ್ತೈತಿ?"

ವರ್ಷಕ್ಕೊಮ್ಮೆ ಇದೇ ಮಾತು, ಇದೇ ನಗು. ವಿಶಾಲನಿಗೆ ಬಾಯಿಪಾಠವಾಗಿತ್ತು, ನಾವು ಶುರು ಮಾಡಿದರೆ ಅವನೇ ಮುಗಿಸುತ್ತಿದ್ದ.

ಹೋದ ವರ್ಷ ಆರ್‌ಟಿಓದವರ ಹತ್ತಿರ ಗಾಡಿಯ ಫಿಟ್ನೆಸ್ ಪಾಸಾಗಲಿಲ್ಲ. ಹೊಗೆ ಬಹಳ, ತಳ ತುಕ್ಕು ಹಿಡಿದಿದೆ, ಇನ್ನು ರಸ್ತೆಗೆ ತರಬೇಡಿ ಎಂದರು. ವಿಶಾಲನ ತಪ್ಪು ಏನೇನೂ ಇಲ್ಲ. ಅವನು ಅಪ್ಪನ ಹಾಗೆ ದುಡಿಯುವವನು, ಅಪ್ಪನನ್ನು ಮನೆಯಲ್ಲಿ ಕೂಡಿಸಿ ತಾನು ಗಾಡಿ ಹೊಡೆಯಬೇಕೆಂದು ಹೊಸದನ್ನು ತಂದ. ಬೆಳ್ಳಗೆ ಹೊಳೆಯುವ, ಎತ್ತರದ ಗಾಡಿ. ಹಳೆಯದನ್ನು ಗುಜರಿಯವರು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. ನಮ್ಮ ಮನೆಯವರು ಓಣಿಯ ತುದಿಯವರೆಗೆ ಅದರ ಹಿಂದೆ ನಡೆದು ಹೋಗಿ ಬಂದರು. ಬಂದವರು ಊಟ ಬೇಡ ಎಂದರು.

ಹೊಸ ಗಾಡಿಗೆ ಪೂಜೆಯಾದ ದಿನ ವಿಶಾಲ ಅಪ್ಪನನ್ನು ಕೈ ಹಿಡಿದು, ಸೊಂಟಕ್ಕೆ ಆನಿಕೆ ಕೊಟ್ಟು ಸೀಟಿಗೆ ಹತ್ತಿಸಿದ. ಅವರು ಮೇಲೆ ಕುಳಿತು ಕನ್ನಡಿ ನೋಡಿದರು, ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಛಲೋ ಐತಿ. ಆದ್ರ ವಿಶಾಲ, ಇದರಾಗ ಕುಂತರ ಹಿಂದ ನಿಂತ ಮಂದೀನ ಕಾಣೂದಿಲ್ಲಲೋ. ನಿಮ್ಮವ್ವ ಎಲ್ಲಿ ಹ್ವಾದ್ಳು?"

"ಇಲ್ಲೇ ಅದೀನ್ರಿ, ಗಾಡಿ ಹಿಂದ!" ಎಂದು ನಾನು ಕೂಗಿದೆ. ಎಲ್ಲರೂ ನಕ್ಕರು.

ಈ ಸಲ ಯುಗಾದಿ ಮುಗಿದ ಮೇಲೆ ಒಂದು ಮುಂಜಾನೆ ಅವರು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಡಲು ಬಗ್ಗಿದವರು ಮತ್ತೆ ಏಳಲಿಲ್ಲ. ಏನ್ರೀ, ಏನ್ರೀ ಎಂದು ಅಲುಗಾಡಿಸಿದೆ. ಪಕ್ಕದ ಮನೆಯ ಹುಮಾ ಓಡಿ ಬಂದಳು, ವಿಶಾಲ ಓಡಿ ಬಂದ, ಡಾಕ್ಟರರೂ ಬಂದರು. ಬಂದು ಏನು ಮಾಡುವುದು?

ಮಧ್ಯಾಹ್ನದ ಹೊತ್ತಿಗೆ ವಿಮಾನ ಕಟ್ಟಿದರು. ಚೆಂಡುಹೂವು, ಸೇವಂತಿಗೆ, ಬಾಳೆಗೊನೆ. ನನ್ನ ಗಂಡ ಅದರಲ್ಲಿ ಮದುಮಗನ ಹಾಗೆ ಕುಳಿತಿದ್ದರು. ಅಳುವುದೆಲ್ಲ ಮುಂಜಾನೆಯೇ ಅತ್ತಿದ್ದೆ. ಈಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಇವತ್ತು ಮುಟ್ಟಬೇಕು. ಇಷ್ಟು ವರ್ಷ ಕಾಯಿಸಿದ್ದಕ್ಕೆ ಎರಡೂ ಕೈಯಿಂದ ಹಿಡಿದು ಮುಟ್ಟಬೇಕು. ನೋಡ್ರಿ, ಮುಟ್ಟಿನಿ, ಇನ್ನ ಬಾಯಿ ಮುಚ್ಚ್ರಿ ಎಂದು ಅವರ ಕಿವಿಗೆ ಹೇಳಬೇಕು. ವಿಭೂತಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತೆ. ಒಳಗೇ ಮುಟ್ಟಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅತ್ತೆ, ಮಾವ, ಓಣಿಯ ಯಾರನ್ನೂ ನಾವು ಒಳಗೆ ಮುಟ್ಟಿದವರಲ್ಲ. ಗಾಡಿಯಲ್ಲಿ ಕೂಡಿಸಿದ ಮೇಲೆ ಮುಟ್ಟುವುದು. ಅದು ತಲೆಯಲ್ಲಿ ಎಷ್ಟು ಕುಳಿತುಬಿಟ್ಟಿತ್ತು ಎಂದರೆ ಒಳಗೇ ಮುಟ್ಟಬಹುದೆಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

"ಅಪ್ಪನ್ನ ನಮ್ಮ ಗಾಡ್ಯಾಗ ಒಯ್ಯೋಣು," ಎಂದ ವಿಶಾಲ. "ನಾನ ಹೊಡೀತೇನಿ. ಅವರು ಎಲ್ಲಾರಿಗೂ ಹೊಡದಾರ, ಅವರಿಗೆ ನಾ ಹೊಡೀಬೇಕು."

ಓಣಿಯ ಹಿರಿಯರು ಸಿದ್ದಲಿಂಗಪ್ಪ ಕಾಕಾ. ಹುಟ್ಟು ಸಾವು ಎಲ್ಲಕ್ಕೂ ಅವರೇ ಮುಂದೆ ನಿಲ್ಲುವವರು. "ಗಾಡಿ ಕಟ್ಟೀ ಸನೇಕ ತರ್ರಿ," ಎಂದು ಯಾವಾಗಿನಂತೆ ಕೂಗಿದರು. ಗಾಡಿ ಹಿಂದಕ್ಕೆ ಬಂತು. ವಿಮಾನ ಕಟ್ಟೆಯ ಮೇಲೆ ಬಂತು. ಸರಿಸಲು ನೋಡಿದರೆ ಎದುರಿಗೆ ಗಾಡಿಯ ಹಲಗೆ ಗೋಡೆಯಾಗಿ ನಿಂತಿದೆ. ಹರಹರ ಎನ್ನುತ್ತಾ ಹತ್ತಾರು ಕೈ ಸೇರಿ ವಿಮಾನವನ್ನು ಮೇಲೆತ್ತಿದವು. ಒಮ್ಮೆ ವಾಲಿತು. ಅಂತೂ ಏರಿಸಿದರು, ಬೀಳಬಾರದೆಂದು ಒಳಗೆ ಸರಿಸಿ ಹಗ್ಗ ಬಿಗಿದರು. ವಿಶಾಲ ಗಾಡಿಯನ್ನು ಓಣಿಯ ನಡುವೆ ತಂದು ನಿಲ್ಲಿಸಿ, ಇಂಜಿನ್ ಆರಿಸದೆ ಸೀಟಿನಲ್ಲೇ ಕುಳಿತ.

"ಬರ್ರೆವಾ, ಹೆಣ್ಮಕ್ಕಳು ಪಾದ ಮುಟ್ಟಿ ತಿರಗ್ರಿ. ಮೊದಲ ಮುರಿಗೆವ್ವ ಬರ್ಲಿ," ಎಂದರು ಕಾಕಾ.

ಹೋದೆ. ತಲೆ ಎತ್ತಿ ನೋಡಿದೆ. ಅವರು ಮೇಲೆ, ಎಲ್ಲೋ ಮೇಲೆ. ಮಡಚಿದ ಕಾಲಿನ ಹೆಬ್ಬೆರಳು ಹೂವಿನ ನಡುವೆ ಸ್ವಲ್ಪ ಕಾಣುತ್ತಿತ್ತು. ಕೈ ಚಾಚಿದೆ. ಹಲಗೆಯ ಅಂಚಿನ ತಗಡು ಸಿಕ್ಕಿತು. ಹಿಮ್ಮಡಿ ಎತ್ತಿ ನಿಂತು ಚಾಚಿದೆ. ಮತ್ತೆ ತಗಡೇ.

"ಇಳಸ್ರಿ ಅವರನ್ನ," ಎಂದೆ.

ಹಗ್ಗ ಬಿಗಿದವರು ಕಾಕಾನ ಕಡೆ ನೋಡಿದರು.

"ಇಳಸ್ರಿ ಅಂದ್ನಿ! ಕಿವಿ ಕೇಳ್ಸಾಂಗಿಲ್ಲೇನ್ ನಿಮಗ?"

ಸಿದ್ದಲಿಂಗಪ್ಪ ಕಾಕಾನ ಮುಖ ಸಣ್ಣದಾಯಿತು. "ಒಮ್ಮೆ ಎತ್ತಿದ ವಿಮಾನ ಕುಣಿ ಮುಟ್ಟೂತನಕಾ ಇಳಸಬಾರದವಾ. ನಂದ ತಪ್ಪಾತು. ಗಾಡಿ ಬ್ಯಾರೆ ಐತಿ ಅನ್ನೂದು ನನಗ ಹೊಳೀಲೇ ಇಲ್ಲ ನೋಡು."

"ನಾಲ್ಕ ಮಂದಿ ಹಿಡದು ಅಕ್ಕಾರನ್ನ ಮ್ಯಾಲ ಎತ್ತೋಣು," ಎಂದ ಯಾರೋ ಒಬ್ಬ.

"ಎತ್ತಿ ಒಗ್ಯಾಕ ನಾ ಏನ ಉಳ್ಳಾಗಡ್ಡಿ ಚೀಲೇನೋ?" ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಒಳ್ಳೆಯದಕ್ಕೇ ಹೇಳಿದ್ದ.

ಹುಮಾ ನಮ್ಮ ಮನೆಯೊಳಗೆ ಓಡಿ ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ತಂದಳು. ಒಂದರ ಮೇಲೊಂದು ಮಗುಚಿ ಇಟ್ಟು, "ನಾ ಹಿಡಕೋತೇನಿ, ಹತ್ರಿ ಅಕ್ಕಾ," ಎಂದಳು. ನನ್ನ ಮೊಣಕಾಲು ಕೆಟ್ಟು ಯಾವ ಕಾಲವಾಯಿತೋ. ಅವಳ ಹೆಗಲು ಹಿಡಿದು ಒಂದು ಕಾಲು ಇಟ್ಟೆ, ಇನ್ನೊಂದು ಕಾಲು ಇಟ್ಟೆ. ನೆಟ್ಟಗೆ ನಿಂತೆ. ಹೆಬ್ಬೆರಳು ಈಗ ಪೂರ್ತಿ ಕಂಡಿತು. ಕಾಯಿಪಲ್ಲೆ ಮಾರುವಾಗ ಚಪ್ಪಲಿ ಹರಿದು ಗಾಯವಾದ ಕಲೆ ಅದರ ಮೇಲೆ ಇನ್ನೂ ಇತ್ತು. ಚಾಚಿದೆ. ಇನ್ನೂ ಒಂದು ಗೇಣು ದೂರ.

ಅಷ್ಟರಲ್ಲಿ ಮುಂದೆ ಹಲಗಿ ವಾದ್ಯದವರು ಬಾರಿಸಲು ಶುರು ಮಾಡಿದರು. ಹೆಣ್ಣುಮಕ್ಕಳದು ಮುಗಿಯಿತು ಎಂದುಕೊಂಡು ಯಾರೋ ಮುಂದಿನಿಂದ ಕೈ ಬೀಸಿದರು. ವಿಶಾಲನಿಗೆ ಹಿಂದಿನದು ಏನು ಕಾಣಬೇಕು? ಗಾಡಿ ಹೊರಟಿತು.

ನನ್ನ ಕೈ ಗಾಳಿಯಲ್ಲಿ ಉಳಿಯಿತು. ಕ್ರೇಟು ಜಾರಿತು, ಹುಮಾ ನನ್ನನ್ನು ತಬ್ಬಿ ಹಿಡಿದಳು. ಸಿದ್ದಲಿಂಗಪ್ಪ ಕಾಕಾ, "ಏ ನಿಲ್ಲಸೋ!" ಎಂದು ಕೂಗಿದರು. ಹಲಗಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. "ನಾ ಓಡಿ ಹೋಗಿ ನಿಲ್ಲಸ್ತೇನವಾ," ಎಂದು ಅವರು ಧೋತರ ಎತ್ತಿ ಕಟ್ಟಿದರು.

ಗಾಡಿ ನಿಧಾನ ಹೋಗುತ್ತಿತ್ತು. ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ವಿಶಾಲ ಇಳಿದು ಬರುತ್ತಾನೆ. ಬಂದು ಕ್ರೇಟು ನೋಡುತ್ತಾನೆ, ನನ್ನ ಕೈಯಲ್ಲಿನ ವಿಭೂತಿ ನೋಡುತ್ತಾನೆ. ತಾನು ತಂದ ಗಾಡಿಯಿಂದ ಅವ್ವನಿಗೆ ಅಪ್ಪನ ಪಾದ ಸಿಗಲಿಲ್ಲ ಎಂಬುದು ಅವನಿಗೆ ತಿಳಿಯುತ್ತದೆ. ಆ ಗಾಡಿಯನ್ನು ಅವನು ನಾಳೆ ಹೊಡೆಯಬೇಕು, ನಾಡಿದ್ದು ಹೊಡೆಯಬೇಕು, ಜೀವಮಾನವಿಡೀ ಅದರ ಮೇಲೆ ಹೊಟ್ಟೆ ಹೊರೆಯಬೇಕು.

"ಬ್ಯಾಡ್ರಿ ಕಾಕಾ," ಎಂದೆ. "ಹೋಗ್ಲಿ ಬಿಡ್ರಿ."

ನಾನು ಮುರಿಗೆವ್ವ. ಒಂದು ಕಟ್ಟು ಮೆಂತ್ಯಪಲ್ಲೆಗೆ ಜಗಳ ತೆಗೆದು ಮಾರುಕಟ್ಟೆ ಒಂದು ಮಾಡಿದವಳು. ಆವತ್ತು ಬಿಟ್ಟೆ. ಓಣಿಯ ತಿರುವಿನಲ್ಲಿ ಹೂವಿನ ನಡುವೆ ಅವರ ಮುಖ ನನ್ನ ಕಡೆಗೇ ಇತ್ತು. ಗಾಡಿ ತಿರುಗಿತು. ಹುಮಾನ ಹೆಗಲ ಮೇಲೆ ತಲೆ ಇಟ್ಟು ನಾನು ಬೋರಾಡಿ ಅತ್ತೆ. ಎದೆ ಒಡೆದು ಹೋಯಿತು ಎನ್ನುತ್ತಾರಲ್ಲ, ಹಾಗೆ ಖರೆಯೇ ಆಗುತ್ತದೆ. ಒಳಗೆ ನೋಯುತ್ತದೆ.

"ಯಾರೂ ಅವಗ ಹೇಳಬ್ಯಾಡ್ರಿ," ಎಂದು ಅಲ್ಲಿದ್ದವರಿಗೆಲ್ಲ ತಾಕೀತು ಮಾಡಿದೆ. "ಹೇಳಿದವರ ಮನಿಗೆ ನಾ ಬರೂದಿಲ್ಲ, ನೋಡ್ರಿ ಮತ್ತ."

ಸಂಜೆ ವಿಶಾಲ ಜಳಕ ಮಾಡಿ ಬಂದು ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತ. ಕಣ್ಣು ಕೆಂಪಾಗಿದ್ದವು. ಎದುರಿಗೆ ಗಾಡಿ ನಿಂತಿತ್ತು, ಹಲಗೆಗೆ ನಾಲ್ಕಾರು ಹೂವು ಇನ್ನೂ ಅಂಟಿಕೊಂಡಿದ್ದವು.

"ಅವ್ವಾ, ಕನ್ನಡ್ಯಾಗ ನೀ ಕಾಣಲೇ ಇಲ್ಲ. ಬರೇ ಹೂವ ಕಾಣತಿತ್ತು," ಎಂದ. ಆಮೇಲೆ ಕೇಳಿದ. "ಅಪ್ಪನ ಪಾದ ಮುಟ್ಟಿದಿ ಹೌದಿಲ್ಲೋ?"

"ಮುಟ್ಟಿನಿಪಾ."

"ಖರೇನ?"

"ಖರೇನ. ನಿಮ್ಮಪ್ಪ ಹೇಳಿದಂಗ ಆತು ನೋಡು. ಬಗ್ಗೂದೂ ಬ್ಯಾಡಾತು."

ಅವನು ಅಳುತ್ತಲೇ ನಕ್ಕ. ನನ್ನ ಎರಡೂ ಕೈಗಳನ್ನು ಹಿಡಿದು, ಅಪ್ಪನ ಪಾದ ಮುಟ್ಟಿದ ಕೈ ಎಂದು, ತನ್ನ ಕಣ್ಣಿಗೆ ಒತ್ತಿಕೊಂಡ.