ಸಣ್ಣಮ್ಮನ ಪಾಲಿನ ದಾಳ

ದಿಲೀಪ ಎಸೆದ ದಾಳ ಕೇರಂ ಹಲಗೆಯ ಅಂಚಿಗೆ ಬಡಿದು ವಾಪಸು ಉರುಳಿ, ಕರಿಕಲ್ಲಿನ ಚೂರೊಂದರ ಪಕ್ಕ ನಿಂತಿತು, ನಿಂತೇಬಿಟ್ಟಿತು, ಮೇಲೆ ಒಂದೇ ಒಂದು ಕೆಂಪು ಚುಕ್ಕೆ — ಇನ್ನೊಂದು ಸಲ ಮಗುಚಿಕೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ ಎಂದು ದಿಲೀಪ ಮನಸ್ಸಿನಲ್ಲೇ ದಾಳವನ್ನು ಬೈಯುತ್ತಾನೆ, ಎದುರಿಗೆ ಕೂತ ಹುಜೈಫಾ ಮುಖವನ್ನು ಹಲಗೆಯತ್ತಲೇ ಹಿಡಿದಿದ್ದಾನೆ, ಕಿವಿ ಮಾತ್ರ ದಾಳ ಉರುಳಿದ ಸದ್ದಿನ ಕಡೆಗೆ ವಾಲಿದೆ, ಎಷ್ಟ್ ಬಿತ್ಲಾ ಅನ್ನುತ್ತಾನೆ, ಸುಮ್ಮನೆ ಕೇಳಿದವನ ಹಾಗೆ. ಹೊರಗೆ ಹೈವೇಯಲ್ಲಿ ಈರುಳ್ಳಿ ಲಾರಿಯೊಂದು ಗೇರು ಬದಲಿಸಿ ಬಂಡೀಪುರದ ಕಡೆಗೆ ಎಳೆಯುತ್ತಿದೆ, ಹುಜೈಫಾನ ಪೇಂಟ್ ಶೆಡ್ಡಿನ ತಗಡು ನಡುಗುತ್ತದೆ, ಹಲಗೆಯೂ ನಡುಗುತ್ತದೆ, ಈ ನಡುಕಕ್ಕಾದರೂ ದಾಳ ಅಲುಗಬಾರದೇ, ಅಲುಗುವುದಿಲ್ಲ. ಒಂದು ಬಿದ್ದರೆ ಸಾವು, ಎರಡೋ ಮೂರೋ ಬಿದ್ದರೆ ಗಾಯ, ಅದರ ಮೇಲೆ ಬಿದ್ದರೆ ಮೈ ಕೊಡವಿಕೊಂಡು ಎದ್ದು ಮುಂದಿನ ಭಾನುವಾರ ಮತ್ತೆ ಬರಬಹುದು, ಇದು ಇವರಿಬ್ಬರ ಆಟದ ಕಾನೂನು, ಮತ್ತು ಹಲಗೆಯ ನಡುವೆ ಅಂಗಾತ ಬಿದ್ದಿರುವವಳು ಸಣ್ಣಮ್ಮ, ಹುಜೈಫಾನ ಗೊಂಬೆಪಡೆಯ ನಾಯಕಿ, ಕಿರುಬೆರಳಿನ ಅರ್ಧದಷ್ಟು ಎತ್ತರ, ತಲೆಗೆ ಗಾಜಿನ ಬುರುಡೆಯಂಥ ಟೋಪಿ, ಒಂದು ಕೈ ಕೈಯೇ, ಇನ್ನೊಂದು ಕೈಯ ಜಾಗದಲ್ಲಿ ಬಂದೂಕು. ಲಾರಿ ಸ್ಟ್ಯಾಂಡಿನಲ್ಲಿ ಟೀ ಮಾರುತ್ತಿದ್ದ ಮುದುಕಿಯ ಹೆಸರು ಅದು, ಕೇರಳದ ಡ್ರೈವರುಗಳನ್ನೂ ತಮಿಳು ಕ್ಲೀನರುಗಳನ್ನೂ ಒಂದೇ ಬಾಯಲ್ಲಿ ಉಗಿಯುತ್ತಿದ್ದವಳು, ಅವಳಿದ್ರೆ ಯಾವ ಗ್ರಹನಾದ್ರೂ ಗೆಲ್ಬೋದು ಕಣ್ಲಾ ಎಂದು ಹುಜೈಫಾನೇ ಇಟ್ಟ ಹೆಸರು.

ಎಸೆದವನೇ ಕೂಗಿ ಹೇಳಬೇಕು. ಅದೂ ಕಾನೂನೇ. ಬಿದ್ದವರ ಪಾಲಿನ ದಾಳವನ್ನು ಎದುರಾಳಿಯೇ ಎಸೆಯಬೇಕು, ತನ್ನ ಕಡೆಯವರ ಸಾವನ್ನು ತಾನೇ ಎಸೆಯಬಾರದು — ಹುಜೈಫಾನ ಅಬ್ಬಾ ಹಿದಾಯತ್ ಉಲ್ಲಾ ತೀರಿಕೊಂಡ ವರ್ಷ ಹುಟ್ಟಿದ ಕಾನೂನು, ನನ್ನೋರ ಸಾವು ನನ್ ಕೈಲಿ ಬ್ಯಾಡ ಕಣ್ಲಾ, ನೀನೇ ಎಸೀ, ಅಂದಿದ್ದ, ದಿಲೀಪ ಏನೂ ಕೇಳದೆ ಒಪ್ಪಿಕೊಂಡಿದ್ದ. ಇನ್ನೊಂದು ಕಾನೂನು ದಿಲೀಪನೇ ತಂದದ್ದು, ಈಗ ಅದೇ ಗಂಟಲಿಗೆ ಸಿಕ್ಕಿಕೊಂಡಿದೆ: ಬಣ್ಣ ಕಾಣದ ಆಳು ಹಲಗೆ ಹತ್ತಬಾರದು, ಯಾರ ಪಡೆಯೋ ಅವರೇ ತಮ್ಮ ಕೈಯಾರೆ ಬಳಿಯಬೇಕು. ಆಗ ಅದು ಹುಜೈಫಾನಿಗೆ ಸಲೀಸು, ದಿಲೀಪನಿಗೇ ಕಷ್ಟ. ಹುಜೈಫಾನದು ಲಾರಿಯ ಹಿಂಬಾಗಿಲಿಗೆ ನವಿಲು, ತಾವರೆ, ಮಾಲೀಕನ ಮಕ್ಕಳ ಹೆಸರು, ಎಲ್ಲವನ್ನೂ ಗೆರೆ ಎಳೆಯದೆ ಬರೆಯುತ್ತಿದ್ದ ಕೈ, ಸಣ್ಣಮ್ಮನ ಎದೆಕವಚದ ಮೇಲೆ ರಾಗಿಕಾಳಿಗಿಂತ ಚಿಕ್ಕ ತಾವರೆ ಬರೆದದ್ದೂ ಆ ಕೈಯೇ, ಒಂದೊಂದು ದಳಕ್ಕೂ ಅಂಚು ಬೇರೆ. ಎಷ್ಟು ತಿಂಗಳಾಯಿತು ಅವನು ಬ್ರಷ್ ಹಿಡಿದು. ಈಗೆಲ್ಲಾ ಸ್ಟಿಕರ್ ಕಾಲ ಬುಡ್ಲಾ, ಪೇಂಟ್ ಯಾವನಿಗೆ ಬೇಕು, ಅನ್ನುತ್ತಿದ್ದ, ಹೌದಲ್ಲ ಪಾಪ ಎಂದು ದಿಲೀಪನೂ ತಲೆಯಾಡಿಸುತ್ತಿದ್ದ. ಪಡೆಯಲ್ಲಿ ಸತ್ತವರ ಜಾಗಕ್ಕೆ ಹೊಸಬರು ಬರಲೇ ಇಲ್ಲ, ಬಣ್ಣ ಕಾಣದವರು ಡಬ್ಬಿಯಲ್ಲೇ ಉಳಿದರು, ಕೊನೆಗೆ ಉಳಿದದ್ದು ಸಣ್ಣಮ್ಮ ಒಬ್ಬಳೇ. ಇವಳೂ ಹೋದರೆ ಹುಜೈಫಾನಿಗೆ ಪಡೆಯಿಲ್ಲ, ಪಡೆಯಿಲ್ಲದಿದ್ದರೆ ಭಾನುವಾರವಿಲ್ಲ.

ಮೊದಲ ಭೇಟಿ ಚಾಮರಾಜನಗರದಲ್ಲಿ, ಹಲ್ಲಿನ ಸೆಟ್ಟು ಮಾಡುವ ದಿಲೀಪನ ಅಂಗಡಿಯಲ್ಲಿ, ಅಬ್ಬಾನ ಸೆಟ್ಟು ಒಯ್ಯಲು ಬಂದವನು ಮೇಜಿನ ಮೇಲೆ ಒಸಡಿನ ಬಣ್ಣದ ಪುಟ್ಟ ಪ್ರಾಣಿಯನ್ನು ಕಂಡು, ಇದ್ಯಾರ್ ಹಲ್ಲು ಸಾ, ಕೈ ಕಾಲೆಲ್ಲಾ ಬಂದವಲ್ಲ, ಅಂದಿದ್ದ. ಉಳಿದ ಅಕ್ರಿಲಿಕ್ ಪುಡಿಯಲ್ಲಿ ಕೈ ಸುಮ್ಮನಿರದೆ ಮಾಡಿದ್ದು ಅದು, ಬೇರೆ ಗ್ರಹದ ಜೀವಿ, ಹೇಳಿಕೊಳ್ಳಲು ನಾಚಿಕೆ, ಮದುವೆಯಾಗಿ ಮೀಸೆಯಲ್ಲಿ ಬಿಳಿ ಕೂದಲು ಕಂಡ ಗಂಡಸು ಗೊಂಬೆ ಮಾಡುತ್ತಾನೆ ಅಂದರೆ ಭೀಮನಬೀಡಿನ ಮಾವನ ಮನೆಯವರು ಏನೆಂದಾರು. ಆದರೆ ಇವನು ನಗಲಿಲ್ಲ, ಕೈಯಲ್ಲಿ ತಿರುಗಿಸಿ ನೋಡಿ, ಬಣ್ಣ ಬಳಿದ್ಕೊಡ್ಲಾ ಸಾ, ಅಂದ. ಅಷ್ಟೇ ಸಾಕಾಯಿತು. ಗೊಂಬೆಪಡೆಗಳನ್ನು ಕಾದಾಡಿಸುವ ದೊಡ್ಡ ಕಂಪನಿಯ ಆಟ ಒಂದನ್ನು ದಿಲೀಪ ಬೆಂಗಳೂರಿನ ಅಂಗಡಿಯ ಗಾಜಿನೊಳಗೆ ಕಂಡಿದ್ದ, ಇಟ್ಟಿಗೆ ದಪ್ಪದ ಪುಸ್ತಕ, ಸಾಲುಸಾಲು ಸೈನಿಕರು, ಎಲ್ಲರದೂ ಒಂದೇ ಮುಖ, ಯಾರು ಸತ್ತರೂ ಯಾರಿಗೂ ಏನೂ ಅನ್ನಿಸದಷ್ಟು ಜನ. ಇವರದು ಹಾಗಲ್ಲ. ಯಾವುದೋ ದೇಶದ ಯಾರೋ ಒಬ್ಬ ಮನೆಯಲ್ಲಿ ಕೂತು ಬರೆದು ನೆಟ್ಟಿಗೆ ಹಾಕಿದ ಕೆಲವೇ ಪುಟ, ಕಡೆಗೆ ಒಂದು ಮಾತು, ಇಲ್ಲಿನ ಕಾನೂನು ಹಿಡಿಸದಿದ್ದರೆ ಬದಲಿಸಿಕೊಳ್ಳಿ, ಮೇಜು ನಿಮ್ಮದು — ಅದನ್ನು ಓದಿ ದಿಲೀಪನಿಗೆ ಯಾರೋ ಮನೆಗೆ ಬಾ ಎಂದು ಕರೆದ ಹಾಗಾಗಿತ್ತು. ಒಂದೊಂದು ಕಡೆಗೆ ಬೆರಳೆಣಿಕೆಯ ಆಳುಗಳು, ಪ್ರತಿಯೊಬ್ಬರಿಗೂ ಹೆಸರು, ಕುಂಟು, ಚಟ, ಹಳೇ ಗಾಯ. ಆಟ ನಡೆಯುವ ಗ್ರಹಕ್ಕೆ ಕಗ್ಗಲ್ಲು ಎಂದು ಹೆಸರಿಟ್ಟರು, ಇಡೀ ಗ್ರಹವೇ ತೋಡಿ ಬಿಟ್ಟ ಕಲ್ಲಿನ ಕ್ವಾರಿ, ಕ್ವಾರಿಯ ಚೂರುಗಳೇ ಬೆಟ್ಟ, ಕಾಡಂಚಿನಿಂದ ಮುರಿದು ತಂದ ಲಂಟಾನ ಕಡ್ಡಿಗಳೇ ಅಲ್ಲಿನ ಮರ. ಸತ್ತವರನ್ನು ಹಲ್ಲಿನ ಸೆಟ್ಟು ಕೊಡುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ ಶೆಡ್ಡಿನ ಅಟ್ಟಣಿಗೆಯ ಮೇಲಿಡುತ್ತಾರೆ, ಒಮ್ಮೆ ಇಟ್ಟರೆ ತೆಗೆಯುವಂತಿಲ್ಲ. ಅದೇ ರುಚಿ ಈ ಆಟಕ್ಕೆ, ಇಲ್ಲಿ ಸತ್ತವರು ಸತ್ತೇ ಹೋಗುತ್ತಾರೆ, ಆದ್ದರಿಂದಲೇ ಬದುಕಿದ್ದವರು ಬದುಕಿದ್ದಾರೆ ಅನ್ನಿಸುತ್ತದೆ.

ಎಷ್ಟ್ಲಾ, ಬಾಯಿಗೇನ್ ಬೀಗ ಹಾಕ್ಕಂಡಿದ್ದೀಯ, ಹುಜೈಫಾ ಮತ್ತೆ ಕೇಳುತ್ತಾನೆ — ಕೆಂಪು ಚುಕ್ಕೆ ಕಣ್ಣಿಗೆ ನಾಟುತ್ತದೆ, ದಿಲೀಪ ಹೂಂ ಎಂದಷ್ಟೇ ಅನ್ನುತ್ತಾನೆ. ಹೋದ ಭಾನುವಾರ ಎರಡು ಬಿದ್ದದ್ದಕ್ಕೆ ಇದೇ ಹುಜೈಫಾ ಐದು ಅಂದಿದ್ದ, ಅದರ ಹಿಂದಿನ ವಾರವೂ ಏನೋ ಒಂದು, ದಿಲೀಪ ಬಾಯಿ ಬಿಡಲಿಲ್ಲ, ಬಸ್ಸಿನಲ್ಲಿ ಊರಿಗೆ ಹೋಗುವಷ್ಟೂ ಹೊತ್ತು ಹೊಟ್ಟೆ ಉರಿಯಿತು, ಮನೆಯಲ್ಲಿ ಹೆಂಡತಿ ನಾಗರತ್ನಳ ಮುಂದೆ ಕಾರಿಕೊಂಡ, ಮಕ್ಕಳಾಟದಲ್ಲೂ ಮೋಸ ಮಾಡ್ತಾನೆ ಕಣೇ. ಮಕ್ಕಳಾಟ ಅಂತ ನೀವೇ ಅಂತೀರಿ, ಮತ್ಯಾಕ್ರೀ ಈ ಪಾಟಿ ಉರ್ಕತೀರಿ, ಅಂದಿದ್ದಳು ಅವಳು ಚಪಾತಿ ಮಗುಚುತ್ತಾ. ಇವತ್ತು ಹಿಡಿದು ಕೇಳಿಯೇಬಿಡಬೇಕು ಎಂದೇ ಬಂದದ್ದು, ಗೆಳೆತನ ಬೇರೆ ಲೆಕ್ಕ ಬೇರೆ ಎಂದು ದಾರಿಯುದ್ದಕ್ಕೂ ಮಾತು ಮಸೆದುಕೊಂಡು. ಆಟ ಶುರುವಾಗಿ ಹುಜೈಫಾ ದಾಳ ಹಾಕಿದ, ಆರು ಬಿತ್ತು, ಎರಡು ಸಾಲಿನ ಎದ್ದುಕಾಣುವ ಆರು, ಥತ್ ಮೂರು, ಅಂದ, ಸಣ್ಣಮ್ಮನನ್ನು ತಾನೇ ಕಲ್ಲಿನ ಮರೆಯಿಂದ ಹಿಂದಕ್ಕೆ ಎಳೆದುಕೊಂಡು ಬಯಲಿಗೆ ಒಡ್ಡಿದ. ತನಗೆ ತಾನೇ ಮೋಸ ಮಾಡಿಕೊಳ್ಳುವವನು ಯಾವ ಊರಿನಲ್ಲಿದ್ದಾನೆ. ಆಮೇಲೆ ತಾಹಿರಾ ಟೀ ತಂದಳು, ಹುಜೈಫಾನ ಹೆಂಡತಿ, ತಗೊಳ್ಳಿ ಅಣ್ಣಾ ಎಂದು ಇವನ ಲೋಟವನ್ನು ಮಣೆಯ ಮೇಲಿಟ್ಟಳು, ಅವನ ಲೋಟವನ್ನು ಇಡಲಿಲ್ಲ, ಅವನ ಕೈ ಗಾಳಿಯಲ್ಲಿ ಲೋಟದ ಆಚೆಗೊಮ್ಮೆ ಈಚೆಗೊಮ್ಮೆ ಹೋಯಿತು, ಅವಳು ಆ ಬೆರಳುಗಳನ್ನು ಹಿಡಿದು ಲೋಟಕ್ಕೆ ಸುತ್ತಿ, ಬಿಸಿ ಅದೆ, ಅಂದಳು. ಅರ್ಧವೇ ತುಂಬಿದ ಲೋಟ. ದಿಲೀಪ ಅವಳ ಮುಖ ನೋಡಿದ, ಅವಳು ಏನೂ ಕೇಳಬೇಡಿ ಎನ್ನುವ ಹಾಗೆ ತಲೆ ಅಲ್ಲಾಡಿಸಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಶುಗರ್ ಜಾಸ್ತಿ ಆಗ್ಬುಟ್ಟದೆ ಕಣ್ಲಾ ಅಂತ ಅವನೇ ಯಾವತ್ತೋ ಹೇಳಿದ್ದ, ಮೈಸೂರಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ ಅಂತಲೂ ಹೇಳಿದ್ದ, ಏನಂದ್ರು ಎಂದು ಇವನು ಕೇಳಲಿಲ್ಲ, ಆಗ ಯಾರ ಸರದಿ ಎಂಬುದೇ ದೊಡ್ಡದಾಗಿತ್ತು. ಥೂ ನನ್ನ ಜನ್ಮಕ್ಕೆ. ದಿಲೀಪನಿಗೆ ಅಳು ಬಂದಿತ್ತು, ಟೀ ಜೊತೆ ನುಂಗಿದ, ಬಯಲಿನಲ್ಲಿ ನಿಂತ ಸಣ್ಣಮ್ಮನಿಗೆ ಹೊಡೆಯದೆ ಬಿಡಬಹುದಿತ್ತು, ಬಿಟ್ಟರೆ ಅವನಿಗೆ ಅನುಮಾನ ಬರುತ್ತದೆ ಎಂದು ಹೊಡೆದ, ತಾಗದಿರಲಿ ಎಂದುಕೊಂಡು ಹೊಡೆದದ್ದೇ ನೆಟ್ಟಗೆ ತಾಗಿತು, ಅವಳು ಬಿದ್ದಳು, ಈಗ ಒಂದು.

ನಾಲ್ಕು ಎಂದರೆ ಮುಗಿಯಿತು. ಯಾರು ನೋಡುತ್ತಾರೆ, ಮೇಜು ನಿಮ್ಮದು ಎಂದು ಅವನೇ ಬರೆದಿಲ್ಲವೇ ಆ ದೂರದೇಶದವನು, ಸಾಯುವ ಹೊತ್ತಿನ ಕಾನೂನು ಇವತ್ತಿನಿಂದ ಇಲ್ಲ ಎಂದುಕೊಂಡರಾಯಿತು, ಸಣ್ಣಮ್ಮ ಎದ್ದು ನಿಲ್ಲುತ್ತಾಳೆ, ಮುಂದಿನ ಭಾನುವಾರ ಬರುತ್ತದೆ, ಅದರ ಮುಂದಿನದೂ, ಸುಳ್ಳು ಹೇಳಿಯಾದರೂ ಮದುವೆ ಮಾಡು ಅನ್ನುತ್ತಾರೆ, ಇದೇನು ಮಹಾ — ಆದರೆ ಆಮೇಲೆ ಪ್ರತಿ ದಾಳವನ್ನೂ ದಿಲೀಪನೇ ಓದಬೇಕು, ಗೆಲ್ಲಿಸಬೇಕು, ಅಷ್ಟಿಷ್ಟು ಸೋಲಿಸಬೇಕು, ಮಗುವಿಗೆ ತುತ್ತು ತಿನ್ನಿಸಿದ ಹಾಗೆ, ಹುಜೈಫಾನ ಎದುರಿಗೆ ಆಡುವವರು ಯಾರೂ ಇರುವುದಿಲ್ಲ, ಕನಿಕರ ಪಡುವವನೊಬ್ಬ ಕೂತಿರುತ್ತಾನೆ ಅಷ್ಟೇ. ಅದು ಗೊತ್ತಿದ್ದೂ ನಾಲಿಗೆ ಹೊರಳಿತು, ನಾಕು ಕಣ್ಲಾ, ಎದ್ಲು ಸಣ್ಣಮ್ಮ, ಬದುಕ್ಬುಟ್ಲು, ಅಂದ ದಿಲೀಪ, ದನಿ ಬೇಕಾದ್ದಕ್ಕಿಂತ ಜೋರಾಯಿತು. ಹೊರಗೆ ಇನ್ನೊಂದು ಲಾರಿ ಹೋಯಿತು. ನೀ ಯಾವತ್ತೂ ಇಷ್ಟ್ ಹೊತ್ತು ನೋಡವನಲ್ಲ ಕಣ್ಲಾ, ಅಂದ ಹುಜೈಫಾ. ಆಮೇಲೆ ಅವನ ಕೈ ಹಲಗೆಯ ಮೇಲೆ ಬಂತು, ಇಷ್ಟು ದಿನ ಬಿದ್ದ ದಾಳವನ್ನು ತಡವದೆ, ತಡವಿದರೆ ಕಣ್ಣು ಕಾಣದ್ದು ಗೊತ್ತಾಗಿಬಿಡುತ್ತದೆ ಎಂದು ಅಂದಾಜಿನಲ್ಲೇ ಹೇಳುತ್ತಿದ್ದವನ ಕೈ, ಈಗ ಮುಚ್ಚುಮರೆಯಿಲ್ಲದೆ ಬಂತು, ಲಂಟಾನ ಕಡ್ಡಿಗಳನ್ನು ಬೀಳಿಸದೆ, ಅಂಗಾತ ಬಿದ್ದ ಸಣ್ಣಮ್ಮನನ್ನು ತಾಗದೆ, ಕಲ್ಲಿನ ಚೂರನ್ನು ಸವರಿ ದಾಳವನ್ನು ಕಂಡುಹಿಡಿದು ತೋರುಬೆರಳಿನಿಂದ ಅದನ್ನು ಮಗುಚದ ಹಾಗೆ ಹಿಡಿದುಕೊಂಡಿತು. ಹಲ್ಲು ಕೊರೆಯುವ ಯಂತ್ರದ ಮುಳ್ಳಿನಿಂದ ದಿಲೀಪನೇ ಗುಳಿ ತೋಡಿದ ದಾಳ, ಹುಜೈಫಾನೇ ಕೆಂಪು ತುಂಬಿದ ಗುಳಿ, ಎಷ್ಟು ತುಂಬಿದರೂ ಉಗುರಿಗೆ ಸಿಗುವಷ್ಟು ಆಳ. ಹೆಬ್ಬೆರಳು ಒಂದು ಮೂಲೆಗೆ ಹೋಯಿತು, ಅಲ್ಲಿ ನುಣುಪು, ಇನ್ನೊಂದು ಮೂಲೆಗೆ ಹೋಯಿತು, ಅಲ್ಲೂ ನುಣುಪು, ಹೆಬ್ಬೆರಳು ಮೂರನೆಯ ಮೂಲೆ ಬಿಟ್ಟು ನಡುವಿಗೆ ಬಂತು, ನಡುವೆ ನಿಂತಿತು, ಅಲ್ಲಿಂದ ಏಳಲಿಲ್ಲ, ಅದರ ಅಡಿಯಲ್ಲಿ ಒಂದೇ ಒಂದು ಗುಳಿ.