ಹುರುಳಿ ಹಾಸಿದ ರಸ್ತೆ

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ಟಾರು ರಸ್ತೆಯ ಮೇಲೆ ಮೊಟ್ಟಮೊದಲು ಹುರುಳಿ ಹಾಸಿದವನು ತಾನೇ ಎಂದು ತೀರ್ಥಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸುಳ್ಳೇನಲ್ಲ. ಎಪ್ಪತ್ತಾರನೇ ಇಸವಿಯಲ್ಲಿ ಅವನ ಜೋಡಿ ಎತ್ತುಗಳಲ್ಲಿ ಒಂದು ಕುಂಟಾಗಿ ಒಕ್ಕಣೆ ನಿಂತುಹೋಗಿತ್ತು. ಅದೇ ವಾರ ಕಡೂರಿನ ಕಡೆ ನೆಂಟರ ಮದುವೆಗೆ ಹೋದವನು, ಅಲ್ಲಿ ಯಾರೋ ಪುಣ್ಯಾತ್ಮ ರಾಗಿ ತೆನೆಯನ್ನು ರಸ್ತೆಗೆ ಹರಡಿ ಬಸ್ಸು ಲಾರಿಗಳಿಂದಲೇ ತುಳಿಸುತ್ತಿದ್ದುದನ್ನು ಕಂಡು ಬಂದ. ಮಾರನೆಯ ದಿನವೇ ತೀರ್ಥಪ್ಪನ ಹುರುಳಿ ಹೊರೆಗಳು ರಸ್ತೆಗೆ ಬಂದವು. ಸಂಜೆಯಷ್ಟರಲ್ಲಿ ಕಾಳು ಬೇರೆ, ಸೊಪ್ಪು ಬೇರೆ. ಎತ್ತಿಗೆ ಹುಲ್ಲು ಹಾಕುವ ಗೋಜಿಲ್ಲ, ಒಕ್ಕಣೆಯ ಕಲ್ಲುಗುಂಡು ಎಳೆಸುವ ಕಷ್ಟವಿಲ್ಲ. ಮರುವರ್ಷದಿಂದ ಊರಿಗೆ ಊರೇ ಕಣ ಸಾರಿಸುವುದನ್ನು ಬಿಟ್ಟಿತು.

ಡ್ರೈವರುಗಳೇನು ದಡ್ಡರೇ? ಹುರುಳಿ ಬಳ್ಳಿ ಆಕ್ಸಲ್ಲಿಗೆ ಸುತ್ತಿಕೊಂಡರೆ ಬಿಡಿಸುವ ಕರ್ಮ ಅವರದು. ಅದಕ್ಕೇ ಒಕ್ಕಣೆ ತಪ್ಪಿಸಿ ಪಕ್ಕದ ಖಾಲಿ ಜಾಗದಲ್ಲಿ ಗಾಡಿ ನುಗ್ಗಿಸುತ್ತಿದ್ದರು. ತೀರ್ಥಪ್ಪ ಅದಕ್ಕೂ ಉಪಾಯ ಕಂಡುಹಿಡಿದ. ಖಾಲಿ ಬಿಟ್ಟ ಅರ್ಧ ರಸ್ತೆಗೆ ಉದ್ದಕ್ಕೂ ಕಲ್ಲು ಇಟ್ಟ. ಆಗ ಬಸ್ಸು ಹುರುಳಿ ಮೇಲೆ ಬಾರದೆ ಇನ್ನೆಲ್ಲಿ ಹೋದೀತು? ಸಂಜೆ ಕಾಳು ಬಾಚಿ ಮನೆಗೆ ಒಯ್ಯುವಾಗ ಕಲ್ಲುಗಳನ್ನು ಯಾರೂ ಎತ್ತುತ್ತಿರಲಿಲ್ಲ. ಬೆಳಗಾದರೆ ಮತ್ತೆ ಬೇಕಲ್ಲ!

ಪೊಲೀಸರಿಗೆ ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ದಫೇದಾರ್ ಶಿವಮೂರ್ತಪ್ಪ ವಾರಕ್ಕೆರಡು ಸಲ ಅದೇ ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. "ಏನ್ರಯ್ಯಾ, ಸರ್ಕಾರಿ ರಸ್ತೇನ ನಿಮ್ಮಪ್ಪನ ಕಣ ಮಾಡ್ಕಂಡಿದೀರಾ? ಒಬ್ಬೊಬ್ರನ್ನೂ ಒಳಗೆ ಹಾಕ್ತೀನಿ ನೋಡಿ" ಎಂದು ಗದರುತ್ತಿದ್ದ. ಹಾಗೆ ಗದರುತ್ತಲೇ ಕೈಚೀಲ ಬಿಚ್ಚುತ್ತಿದ್ದ. ಹೊಸ ಹುರುಳಿ ಎರಡು ಸೇರು ಚೀಲಕ್ಕೆ ಬಿದ್ದರೆ, "ಸಾರಿಗೆ ಇದ್ರ ರುಚೀನೇ ಬೇರೆ ಕಣ್ರೀ" ಎಂದು ನಗುತ್ತ ಹೊರಟುಬಿಡುತ್ತಿದ್ದ. ಕಾನೂನು ಆ ರಸ್ತೆಯಲ್ಲಿ ಬಂದುಹೋದದ್ದು ಅಷ್ಟೇ.

ಎಂಬತ್ತಮೂರರ ಸಂಕ್ರಾಂತಿ ಕಳೆದು ನಾಲ್ಕನೇ ದಿನ. ದೀಪ ಹಚ್ಚುವ ಹೊತ್ತು. ಮನೆಯವರು ಕಾಳಿನ ಮೂಟೆ ಹೊತ್ತು ಹೋಗಿದ್ದರು. ತೀರ್ಥಪ್ಪನೊಬ್ಬನೇ ರಸ್ತೆಯ ಬದಿಯಲ್ಲಿ ಉಳಿದ ಹೊಟ್ಟು ಗುಡಿಸುತ್ತಿದ್ದ. ಅಜ್ಜಂಪುರದ ಕಡೆಯಿಂದ ಒಂದು ಮೊಪೆಡ್ ಬರುತ್ತಿತ್ತು. ತರೀಕೆರೆ ಕಡೆಯಿಂದ ಲಾರಿಯೊಂದು ಎರಡೂ ದೀಪಗಳನ್ನು ಕಣ್ಣಿಗೆ ರಾಚುವಂತೆ ಉರಿಸಿಕೊಂಡು ಎದುರಾಯಿತು. ಮೊಪೆಡ್ಡಿನವನು ಪಾಪ, ಕಣ್ಣು ಕಾಣದೆ ಪಕ್ಕಕ್ಕೆ ಸರಿದ. ಸರಿದದ್ದು ನೇರ ಕಲ್ಲಿನ ಸಾಲಿನ ಮೇಲೆಯೇ. ಧಡ್ ಎಂದು ಸದ್ದಾಯಿತು. ಲಾರಿ ನಿಲ್ಲಲಿಲ್ಲ.

ತೀರ್ಥಪ್ಪ ಪೊರಕೆ ಎಸೆದು ಓಡಿದ. ಬಿದ್ದವನು ಮೂವತ್ತರ ಆಸುಪಾಸಿನ ಗಂಡಸು. ಅಂಗಿಯ ಮುಂಭಾಗವೆಲ್ಲ ರಕ್ತ. ಕಣ್ಣು ಬಿಟ್ಟಿದ್ದ. "ಅಣ್ಣಾ, ನೀರು... ಸ್ವಲ್ಪ ನೀರು ಕೊಡಣ್ಣಾ" ಎಂದ.

ಆಗ ತೀರ್ಥಪ್ಪನ ತಲೆಗೆ ಹೊಳೆದದ್ದು ನೀರಲ್ಲ, ಕಲ್ಲು. ಜನ ಬಂದು ನೋಡಿದರೆ? ಪೊಲೀಸರು ಬಂದರೆ? ಇದು ಯಾರಿಟ್ಟ ಕಲ್ಲು ಎಂದು ಕೇಳಿದರೆ? "ಬಂದೆ ಕಣಪ್ಪಾ, ಬಂದೆ" ಎಂದವನೇ ಬಗ್ಗಿ ಒಂದು ಕಲ್ಲನ್ನು ಎತ್ತಿ ಚರಂಡಿಗೆ ಹಾಕಿದ. ಆಮೇಲೆ ಇನ್ನೊಂದು. ಬಿದ್ದವನು ಮತ್ತೆ ನೀರು ಕೇಳಿದ. "ಬಂದೆ, ಬಂದೆ" ಎನ್ನುತ್ತಲೇ ಇವನು ಸಾಲು ಪೂರ್ತಿ ಖಾಲಿ ಮಾಡಿದ. ರಸ್ತೆ ಬರಿದಾದ ಮೇಲೆ ಕೂಗಿಕೊಂಡ. ಹೆಂಡತಿ ದಾಕ್ಷಾಯಣಮ್ಮ ಚೊಂಬು ಹಿಡಿದು ಓಡಿಬಂದಳು. ಅಷ್ಟರಲ್ಲಿ ಪ್ರಾಣ ಹೋಗಿತ್ತು.

ಬೆಳಿಗ್ಗೆ ಸೂರ್ಯ ಹುಟ್ಟುತ್ತಲೇ ದಫೇದಾರ್ ಶಿವಮೂರ್ತಪ್ಪ ಮಹಜರು ಬರೆಯಲು ಬಂದ. ಸತ್ತವನ ಹೆಸರು ಓಂಕಾರಮೂರ್ತಿ, ತರೀಕೆರೆಯವನು, ಪಂಪ್‌ಸೆಟ್ ರಿಪೇರಿ ಮಾಡುವ ಮೆಕ್ಯಾನಿಕ್ ಎಂದು ಗೊತ್ತಾದದ್ದು ಆಗಲೇ. ದಫೇದಾರನ ಕಣ್ಣು ಚರಂಡಿಯ ಕಡೆ ಹೋಯಿತು. ಅಲ್ಲಿ ಬಿದ್ದಿದ್ದ ಕಲ್ಲುಗಳನ್ನು ನೋಡಿದ, ತೀರ್ಥಪ್ಪನ ಮುಖ ನೋಡಿದ, ಪೆನ್ನಿನ ಮುಚ್ಚಳ ತೆಗೆದ.

"ತಾನೇ ಬಿದ್ದ ಅಂತ ಬರೀಬೇಕಾದ್ರೆ ಏನಾದ್ರೂ ಕಾರಣ ಬೇಕಲ್ಲಪ್ಪಾ. ವಾಸನೆ ಗೀಸನೆ ಬರ್ತಿತ್ತಾ?"

"ಬಂದಂಗಿತ್ತು, ಸ್ವಾಮಿ."

ಆ ಎರಡು ಮಾತು ಬಾಯಿಂದ ಹೇಗೆ ಬಂದವೋ ಶಿವನೇ ಬಲ್ಲ. "ಕುಡಿದ ಅಮಲಿನಲ್ಲಿ ಅತಿವೇಗವಾಗಿ ಬಂದು, ತಾನಾಗಿಯೇ ಆಯತಪ್ಪಿ ಬಿದ್ದು" ಎಂದು ದಫೇದಾರ ದುಂಡಗೆ ಬರೆದ. ಸಾಕ್ಷಿ ಪಂಚರ ಕಾಲಮ್ಮಿನಲ್ಲಿ ತೀರ್ಥಪ್ಪ ರುಜು ಹಾಕಿದ. ಅಲ್ಲಿಗೆ ಕೇಸು ಮುಗಿಯಿತು. ಎರಡು ದಿನ ಬಿಟ್ಟು ಪಕ್ಕದ ಹೊಲದವರ ಹುರುಳಿ ರಸ್ತೆಗೆ ಬಂತು, ಅದರ ಜೊತೆಗೆ ಕಲ್ಲುಗಳೂ ಬಂದವು.

ತೀರ್ಥಪ್ಪ ಮಾತ್ರ ಆಮೇಲೆ ರಸ್ತೆಗೆ ಹುರುಳಿ ಹಾಕಲಿಲ್ಲ. ಮುಂದಿನ ಸುಗ್ಗಿಗೆ ಬಾಡಿಗೆ ಎತ್ತು ತಂದು ಹಳೆಯ ಕಣದಲ್ಲೇ ತುಳಿಸಿದ. "ಏನ್ ತೀರ್ಥಪ್ಪ, ಬಸ್ಸಿನ ಮೇಲೆ ಮುನಿಸಾ?" ಎಂದು ಜನ ಕಿಚಾಯಿಸಿದರು. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದ. ಯಾರಾದರೂ ನೀರು ಕೇಳಿದರೆ ಸಾಕು, ಮೈ ಬೆವರುತ್ತಿತ್ತು. ಕಲ್ಲಿನ ವಿಷಯ ಹೆಂಡತಿಗೆ ಗೊತ್ತಿತ್ತು. ನೀರಿನ ವಿಷಯವನ್ನು ಅವನು ಅವಳಿಗೂ ಹೇಳಿರಲಿಲ್ಲ.

ವರ್ಷ ತುಂಬಲು ಹತ್ತು ದಿನ ಇದ್ದಾಗ ಓಂಕಾರಮೂರ್ತಿಯ ಹೆಂಡತಿ ಮನೆ ಹುಡುಕಿಕೊಂಡು ಬಂದಳು. ಸಾವಿತ್ರಮ್ಮ ಎಂದು ಹೆಸರು ಹೇಳಿದಳು. ಬಡಕಲು ಹೆಂಗಸು, ಬರಿಯ ಹಣೆ, ಕೈಯಲ್ಲಿ ಮಹಜರಿನ ನಕಲು. ಜಗಲಿಯ ತುದಿಯಲ್ಲಿ ಕೂತು, "ಇದ್ರಲ್ಲಿ ನಿಮ್ಮ ರುಜು ಐತೆ. ಅದಕ್ಕೇ ಬಂದೆ" ಎಂದಳು.

"ನಮ್ಮ ಮನೆಯೋರು ಕಾಫಿ ಬಿಟ್ರೆ ಇನ್ನೇನೂ ಮುಟ್ಟಿದೋರಲ್ಲ ಯಜಮಾನ್ರೇ. ದಿನಾ ಲಿಂಗಪೂಜೆ ಮಾಡ್ದೆ ಬಾಯಿಗೆ ನೀರು ಸೋಕಿಸ್ತಿರ್ಲಿಲ್ಲ. ಲಿಂಗ ಕಟ್ಕಂಡು ಕುಡಿದು ಬಿದ್ದು ಸತ್ತ ಅಂತ ಊರೆಲ್ಲ ಆಡ್ಕಂತು. ನಮ್ಮ ಮಾವ ಹಿರೀಕರ ಪಕ್ಕ ಮಣ್ಣು ಮಾಡೋಕೂ ಬಿಡ್ಲಿಲ್ಲ. ಹೊಲದ ಬದುವಿನಾಚೆ, ಯಾರೋ ಪರದೇಶಿ ಹಂಗೆ ಹಾಕಿದ್ರು. ಈಗ ವರ್ಷದ ಪೂಜೇನೂ ಬೇಡ ಅಂತಾರೆ." ನಕಲನ್ನು ಅವನ ಮುಂದೆ ಚಾಚಿದಳು. "ನೀವು ಕಣ್ಣಾರೆ ಕಂಡೋರು. ನಿಜ ಹೇಳಿ. ಅವ್ರು ಕುಡಿದಿದ್ರಾ?"

ತೀರ್ಥಪ್ಪ ತಲೆ ಎತ್ತಲಿಲ್ಲ. "ಕತ್ತಲಾಗಿತ್ತು ತಾಯಿ. ಸರ್ಯಾಗಿ ಗೊತ್ತಾಗ್ಲಿಲ್ಲ" ಎಂದ. ಎಂಥ ಮಾತು! ಗೊತ್ತಾಗದವನು ರುಜು ಹಾಕಿದ್ದೇಕೆ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. "ಯೋಚನೆ ಮಾಡಿ. ಸೋಮವಾರ ಬತ್ತೀನಿ" ಎಂದು ಎದ್ದುಹೋದಳು.

ಅವಳು ಅತ್ತ ಹೋಗುತ್ತಲೇ ದಾಕ್ಷಾಯಣಮ್ಮ ಒಳಗಿನಿಂದ ಬಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಅಲ್ಲಾ ಕಣ್ರೀ, ನಿಮ್ಮ ಕಲ್ಲಿನ ವಿಷ್ಯ ಮುಚ್ಚಾಕಕ್ಕೆ ಸತ್ತೋನ ಬಾಯಿಗೆ ಹೆಂಡ ಹೊಯ್ದ್ರಲ್ಲ! ಆ ಹೆಣ್ಮಗಳ ಹೊಟ್ಟೆ ಉರಿ ಸುಮ್ನೆ ಬಿಡುತ್ತಾ?"

ಮಾರನೆಯ ದಿನ ತೀರ್ಥಪ್ಪ ಒಗೆದ ಪಂಚೆ ಉಟ್ಟು ಠಾಣೆಗೆ ಹೋದ. ಜೈಲಿಗೆ ಹೋಗಲು ತಯಾರಾಗಿಯೇ ಹೋಗಿದ್ದ. ದಫೇದಾರನ ಮೇಜಿನ ಮುಂದೆ ನಿಂತು, "ಸ್ವಾಮಿ, ಅವತ್ತು ಆ ಮನುಷ್ಯ ಕುಡಿದಿರ್ಲಿಲ್ಲ. ಕಲ್ಲು ನಂದು. ಹಂಗಂತ ಬರ್ಕಳಿ" ಎಂದ.

ದಫೇದಾರ ಅವನನ್ನು ಮೇಲಿಂದ ಕೆಳಗೆ ನೋಡಿ, ಟೀ ತರಿಸಿ ಕೊಟ್ಟ. "ಕುಡಿ, ಕುಡಿ. ಬಿಸಿಲಿಗೆ ಬಂದಿದೀಯ."

"ಟೀ ಬೇಡ ಸ್ವಾಮಿ. ಬರ್ಕಳಿ."

"ಏನಂತ ಬರ್ಕಳ್ಲೋ ಮಾರಾಯ? ರಸ್ತೇಲಿ ಕಲ್ಲಿಟ್ಟೋನು ಅಪರಾಧಿ ಅಂತ್ಲಾ? ಹಂಗಾದ್ರೆ ಇಲ್ಲಿಂದ ಕಡೂರಿನವರೆಗೆ ಕಲ್ಲಿಟ್ಟೋರನ್ನೆಲ್ಲ ಎಳ್ಕಂಡು ಬರ್ಬೇಕು. ಇರೋದು ಒಂದು ರೂಮಿನ ಲಾಕಪ್ಪು. ನಮ್ಮ ಮಾವನ ಹುರುಳೀನೂ ರಸ್ತೆ ಮೇಲೇ ಬಿದ್ದೈತೆ, ಅವ್ನನ್ನ ಎಲ್ಲಿ ಕೂರಿಸ್ಲಿ? ನಿನ್ನ ತೊಡೆ ಮೇಲಾ?" ಪಕ್ಕದಲ್ಲಿದ್ದ ಪೇದೆ ಕಿಸಕ್ಕನೆ ನಕ್ಕ. ದಫೇದಾರನ ದನಿ ತಗ್ಗಿತು. "ಕೇಳಿಲ್ಲಿ. ಫೈಲು ಮುಗ್ದೋಗೈತೆ. ಈಗ ಬೇರೆ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿನ್ ತಲೆಗೂ ಬರುತ್ತೆ, ನನ್ ತಲೆಗೂ ಬರುತ್ತೆ. ನನ್ ಪೆನ್ಷನ್ನಿಗೆ ಎರಡೇ ವರ್ಷ ಇರೋದು. ಸತ್ತೋನು ಎದ್ದು ಬತ್ತಾನಾ? ಹೋಗು, ಹೋಗು, ಮನೆ ಕಡೆ ನೋಡ್ಕೊ."

ಬೈದು ಒಳಗೆ ತಳ್ಳಿದ್ದರೆ ತೀರ್ಥಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ತಪ್ಪು ಮಾಡಿದ್ದೇನೆ ಎಂದು ತಾನಾಗಿ ಬಂದರೂ ಹಿಡಿದುಕೊಳ್ಳುವವರಿಲ್ಲ. ಟೀ ಆರಿ ಕೆನೆಗಟ್ಟಿತು. ಅದನ್ನು ಮುಟ್ಟದೆ ಹೊರಗೆ ಬಂದ.

ಸೋಮವಾರ ಹತ್ತೂವರೆ ಬಸ್ಸಿಗೆ ಸಾವಿತ್ರಮ್ಮ ಇಳಿದಳು. ತೀರ್ಥಪ್ಪ ಅವಳನ್ನು ಜಗಲಿಯಲ್ಲಿ ಕೂರಿಸಿ ತಾನು ಕೆಳಗೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. "ಕುಡಿದಿರ್ಲಿಲ್ಲ ತಾಯಿ. ವಾಸನೆ ಬಂತು ಅಂತ ನಾನೇ ಸುಳ್ಳು ಹೇಳ್ದೆ. ಹುರುಳಿ ಒಕ್ಕಣೆಗೆ ನಾನು ಕಲ್ಲಿಟ್ಟಿದ್ದೆ. ಲಾರಿ ದೀಪಕ್ಕೆ ಕಣ್ಣು ಕಾಣ್ದೆ ಅದ್ರ ಮೇಲೆ ಬಂದ್ಬಿಟ್ರು."

ಅವಳು ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಕಾದಿದ್ದ. ಸಾವಿತ್ರಮ್ಮನ ಮುಖ ಅರಳಿತು. ಹೌದು, ಅರಳಿಯೇಬಿಟ್ಟಿತು. "ಕುಡಿದಿರ್ಲಿಲ್ಲ! ನಾನು ಹೇಳ್ದೆ ನಮ್ಮ ಮಾವಂಗೆ, ಎಷ್ಟು ಸಲ ಹೇಳ್ದೆ!" ಎಂದು ಎರಡೂ ಕೈ ಜೋಡಿಸಿ, ಕಲ್ಲಿಟ್ಟವನಿಗೇ ಮುಗಿದಳು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟಕ್ಕೇ ಎಲ್ಲ ಮುಗಿದುಹೋಗುತ್ತಿತ್ತು.

"ಕೊನೇಲಿ ಏನಾದ್ರೂ ಮಾತಾಡಿದ್ರಾ?" ಎಂದಳು ಸಾವಿತ್ರಮ್ಮ.

ಇಲ್ಲ ಎಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆ ಮುಗಿದ ಕೈಗಳನ್ನು ನೋಡಿದ ಮೇಲೆ ತೀರ್ಥಪ್ಪನಿಗೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ನೀರು ಕೇಳಿದ್ರು" ಎಂದ.

"ಕೊಟ್ರಾ?"

"ಇಲ್ಲ ತಾಯಿ. ಬಂದೆ ಬಂದೆ ಅಂದೆ. ಪೊಲೀಸ್ರು ನೋಡ್ತಾರೆ ಅಂತ ಮೊದ್ಲು ಕಲ್ಲು ಎತ್ತಾಕ್ತಿದ್ದೆ."

ದಾಕ್ಷಾಯಣಮ್ಮ ಕಾಫಿ ಲೋಟವನ್ನು ಹೊಸಿಲ ಮೇಲೆ ಇಟ್ಟಳು. ಸಾವಿತ್ರಮ್ಮ ಜೋಡಿಸಿದ್ದ ಕೈಗಳನ್ನು ನಿಧಾನವಾಗಿ ಬಿಡಿಸಿಕೊಂಡಳು. ಆಮೇಲೆ ಕೇಳಿದಳು, "ಎಷ್ಟು ಕಲ್ಲಿದ್ವು?"

"ಹದಿನಾಲ್ಕು."

"ಎರಡೆರಡು ಎತ್ತಿದ್ರಾ?"

"ದಪ್ಪ ಕಲ್ಲು ತಾಯಿ. ಒಂದೊಂದೇ ಎತ್ತಬೇಕಿತ್ತು."

ಅವಳ ಬಾಯಿಂದ ಬಂದ ಸದ್ದು ಅಳುವಿನದೂ ಅಲ್ಲ, ಮಾತಿನದೂ ಅಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿಬಿಟ್ಟಳು. ದಾಕ್ಷಾಯಣಮ್ಮ ಓಡಿಹೋಗಿ ತಬ್ಬಿಕೊಂಡಳು. ಗಂಡನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ತರೀಕೆರೆ ಬಸ್ಸಿನ ಹಾರನ್ ದೂರದಲ್ಲಿ ಕೇಳಿಸಿದಾಗ ಸಾವಿತ್ರಮ್ಮ ಮುಖ ಒರೆಸಿಕೊಂಡು ಎದ್ದಳು. "ಅಂಗಿ ಹಾಕ್ಕಳಿ" ಎಂದಳು. "ನಮ್ಮ ಮಾವನ ಮುಂದೆ ಬಂದು ಇದನ್ನೆಲ್ಲ ಹೇಳಿ. ಕುಡಿದಿರ್ಲಿಲ್ಲ ಅನ್ನೋದೂ ಹೇಳಿ, ನೀರು ಕೇಳಿದ್ದೂ ಹೇಳಿ, ಕಲ್ಲು ಹದಿನಾಲ್ಕು ಅನ್ನೋದೂ ಹೇಳಿ."

ತೀರ್ಥಪ್ಪ ಅಂಗಿ ಹಾಕಿಕೊಂಡು ಅವಳ ಹಿಂದೆ ನಡೆದ. ಬಸ್ಸು ಯಾರದೋ ಹುರುಳಿಯ ಮೇಲೆ ಚಕ್ರ ಹರಿಸಿಕೊಂಡು ಬಂದು ನಿಂತಿತು. ಸಾವಿತ್ರಮ್ಮ ಮುಂದೆ ಕೂತಳು, ಅವನು ಹಿಂದಿನ ಸೀಟಿನಲ್ಲಿ ಕೂತ.